ಎಂಟು ಮಕ್ಕಳು, ಏಳರ ಭಾಗಾಕಾರ

ಕಂಪ್ಯೂಟರಿನಲ್ಲಿ ಆ ಅಂಕಿಗೆ ಕೆಂಪು ಬಣ್ಣ ಬಳಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಬೇರೆಯವರ ಮೇಲೆ ಹರಿಹಾಯುವುದು ಸಾಕಷ್ಟಿದೆ. ಆದರೆ ಆ ಸಿಟ್ಟಿನ ಮೊದಲ ಪಾಲು ನನಗೇ ಸಲ್ಲಬೇಕಾದದ್ದು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಸಣ್ಣ ಮಕ್ಕಳ ಕೇಂದ್ರಗಳನ್ನು ನಡೆಸುತ್ತಿದ್ದ ಒಂದು ಟ್ರಸ್ಟಿನಲ್ಲಿ ನಾನು ಕೆಲಸಕ್ಕಿದ್ದೆ. ಗೋವಿನಜೋಳ ಮುರಿಯಲು, ಕಳೆ ಕೀಳಲು ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಕೇಂದ್ರದಲ್ಲಿ ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು. ಒಂದೊಂದು ಕೇಂದ್ರಕ್ಕೆ ಮಕ್ಕಳನ್ನು ನೋಡಿಕೊಳ್ಳುವ ಒಬ್ಬೊಬ್ಬ ಅಕ್ಕೋರು. ಪ್ರತಿ ತಿಂಗಳ ಮೊದಲ ವಾರ ಅವರು ಮೂರರಿಂದ ನಾಲ್ಕು ವರ್ಷದೊಳಗಿನ ಮಕ್ಕಳನ್ನು ತೂಗಿ, ವಹಿಯಲ್ಲಿ ಬರೆದು, ಆ ಹಾಳೆಯ ಫೋಟೊ ತೆಗೆದು ನನ್ನ ಫೋನಿಗೆ ಕಳಿಸುವರು. ನಾನು ಶಿಗ್ಗಾಂವಿಯ ಕಚೇರಿಯಲ್ಲಿ ಕೂತು ಆ ತೂಕಗಳನ್ನೆಲ್ಲ ಕಂಪ್ಯೂಟರಿನ ಹಾಳೆಗೆ ಇಳಿಸುತ್ತಿದ್ದೆ. ದಿನಾ ಬಂಕಾಪುರದಿಂದ ಬಸ್ಸಿನಲ್ಲಿ ಹೋಗಿ ಬರುವುದು. ಬಿಎಸ್ಸಿಯಲ್ಲಿ ಗಣಿತ ಓದಿದ್ದೆ. ಓದಿದ ವಿದ್ಯೆ ಕೈಗೆ ಬರುವ ಕೆಲಸ ಸಿಕ್ಕಿತಲ್ಲ ಎಂದು ಅವ್ವನಿಗೂ ಹೆಮ್ಮೆ, ನನಗೂ ಹೆಮ್ಮೆ.

ನಮ್ಮ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಅವರಿಗೆ ಸರಾಸರಿ ಎಂದರೆ ಪ್ರಾಣ. ಈ ತಿಂಗಳ ಸರಾಸರಿ ತೂಕ ಹೋದ ತಿಂಗಳಿಗಿಂತ ಎಳ್ಳಷ್ಟು ಹೆಚ್ಚಾಗಿದ್ದರೂ ಸಾಕು, ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸುವರು. ಒಮ್ಮೆ ಕೆಲಸ ನೋಡಲು ಹೊರಗಿನಿಂದ ಬಂದ ಅತಿಥಿಯೊಬ್ಬರು ಆ ಹಾಳೆಯ ಎದುರು ನಿಂತು, "ಸರಾಸರಿ ಏನೋ ಸರಿ. ಮಕ್ಕಳ ನಡುವೆ ವ್ಯತ್ಯಾಸ ಎಷ್ಟಿದೆ?" ಎಂದು ಕೇಳಿದರು. ಸಾಹೇಬರು ನನ್ನ ಕಡೆ ನೋಡಿದರು. ನಾನು ತಡವರಿಸದೆ, "ಪ್ರಮಾಣಿತ ವಿಚಲನೆ ತಗದು ಕೊಡ್ತೇನ್ರಿ ಸರ್" ಎಂದೆ. ಆ ಪದ ಬಾಯಿಂದ ಹೊರಟಾಗ ನನಗೆ ಆದ ಸುಖ ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಪ್ರಮಾಣಿತ ವಿಚಲನೆ ಎಂದರೆ ಹೆದರುವಂಥದ್ದೇನಲ್ಲ. ಒಂದಿಷ್ಟು ಸಂಖ್ಯೆಗಳು ತಮ್ಮ ಸರಾಸರಿಯಿಂದ ಎಷ್ಟು ದೂರ ಚದುರಿ ನಿಂತಿವೆ ಎಂಬುದರ ಅಳತೆ, ಅಷ್ಟೆ. ಎಲ್ಲ ಮಕ್ಕಳೂ ಒಂದೇ ತೂಕ ತೂಗಿದರೆ ಅದು ಸೊನ್ನೆ. ಒಂದು ಮಗು ಕಡ್ಡಿಯಂತಿದ್ದು ಇನ್ನೊಂದು ಗುಂಡಗಿದ್ದರೆ ಅದು ದೊಡ್ಡದಾಗುತ್ತದೆ. ಕಂಪ್ಯೂಟರಿನಲ್ಲಿ ಸೂತ್ರದ ಹೆಸರು ಬರೆದು ತೂಕದ ಕಾಲಂ, ಅಂದರೆ ಅಂಕಿಗಳ ಕಂಬವನ್ನು ತೋರಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಕಲಿತ ಹಳೆಯ ಸೂತ್ರ ನನ್ನ ಬೆರಳಿಗೆ ಅಂಟಿತ್ತು. ಅದನ್ನೇ ಹಾಕಿದೆ. ಎಲ್ಲ ಕೇಂದ್ರಗಳ ಸಾಲುಗಳಿಗೂ ಎಳೆದು ಇಳಿಸಿದೆ. ಒಂದು ಕ್ಷಣ ನಿಂತು ಯೋಚಿಸಲಿಲ್ಲ.

ಸಾಹೇಬರು ಹೊಸ ಕಂಬವನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು:

"ಇದು ಕಡಿಮಿ ಇದ್ರ ಚಲೋನೋ, ಹೆಚ್ಚಿದ್ರ ಚಲೋನೋ?"

"ಕಡಿಮಿ ಇದ್ರ ಮಕ್ಕಳೆಲ್ಲ ಒಂದ ನಮೂನಿ ಅದಾರ ಅಂತ ಅರ್ಥರಿ."

"ಅಂದ್ರ ಕಡಿಮಿ ಇದ್ರ ಚಲೋ. ಹೆಚ್ಚಿದ್ರ ಅಲ್ಲಿ ಕೆಲಸದಾಗ ಶಿಸ್ತ ಇಲ್ಲ. ಎರಡರ ಮ್ಯಾಲ ಹೋದದ್ದಕ್ಕೆಲ್ಲ ಕೆಂಪ ಹಚ್ಚರಿ."

ಎರಡು ಎಂಬ ಅಂಕಿ ಎಲ್ಲಿಂದ ಬಂತು? ಯಾವ ಪುಸ್ತಕದಿಂದಲೂ ಅಲ್ಲ, ಯಾವ ವೈದ್ಯರಿಂದಲೂ ಅಲ್ಲ. ಅವರ ಬಾಯಿಂದ ಬಂತು. ಮಕ್ಕಳ ತೂಕದ ನಡುವಿನ ಅಂತರಕ್ಕೂ ಅಕ್ಕೋರ ಶಿಸ್ತಿಗೂ ಏನು ಸಂಬಂಧ ಎಂದು ನಾನು ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ. ಗೊತ್ತಿಲ್ಲದೆ ಸುಮ್ಮನಿದ್ದೆನೆಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೂ ಸಾಹೇಬರು ನನ್ನ ಕಂಬವನ್ನು ಮೆಚ್ಚಿದ್ದರು, ಅದು ನನಗೆ ಸಾಕಾಗಿತ್ತು. ಕೆಂಪು ಹಚ್ಚಿದೆ. ಮೂರು ಕೇಂದ್ರಗಳು ಕೆಂಪಾದವು. ಮೂವರು ಅಕ್ಕೋರುಗಳಿಗೆ ನೋಟೀಸು ಹೋಯಿತು, ಅಂತರ ಎರಡರ ಒಳಗಿರಬೇಕೆಂದು ಉಳಿದವರಿಗೂ ತಾಕೀತು ಹೋಯಿತು. "ತೂಕ ದಾಖಲಿಸುವಲ್ಲಿ ತಾವು ತೋರಿದ ಅಶಿಸ್ತಿಗೆ ಕಾರಣ ನೀಡತಕ್ಕದ್ದು" ಎಂಬ ಒಣ ಸಾಲನ್ನು ಟೈಪ್ ಮಾಡಿದವಳೂ ನಾನೇ.

ಮರುತಿಂಗಳ ತೂಕಗಳು ಬಂದಾಗ ನನಗೆ ಖುಷಿಯಾಯಿತು. ಬಹುತೇಕ ಎಲ್ಲ ಕಡೆ ಅಂತರ ಇಳಿದಿತ್ತು. ಹಾನಗಲ್ಲಿನ ಕಡೆಯ ಕೇಂದ್ರವೊಂದರಲ್ಲಿ ಒಂದು ಮಗು ಒಂದೇ ತಿಂಗಳಲ್ಲಿ ಒಂದೂವರೆ ಕೆಜಿ ಹೆಚ್ಚಾಗಿತ್ತು. ಅದೇ ಕೇಂದ್ರದ ಇನ್ನೊಂದು ಮಗು ಒಂದು ಕೆಜಿ ಇಳಿದಿತ್ತು. ಒಂದು ಏರಿ, ಒಂದು ಇಳಿದು, ಎರಡೂ ಸರಾಸರಿಯ ಹತ್ತಿರ ಬಂದು ಪಕ್ಕಪಕ್ಕ ಕೂತಿದ್ದವು. ಏನೋ ಸರಿಯಿಲ್ಲ ಎಂದು ಮನಸ್ಸು ಒಳಗೇ ಗೊಣಗಿತು. ಬಾಯಿ ಮುಚ್ಚಿಸಿದೆ. ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅವ್ವನ ಎದುರು ಇದನ್ನು ಹೇಳಿಕೊಂಡಾಗ ಆಕೆ ಕೈ ನಿಲ್ಲಿಸದೆ, "ಒಂದ ತಿಂಗಳದಾಗ ಕೂಸು ಒಂದೂವರಿ ಕಿಲೋ ಏರತೈತೇನ? ಕಾಗದದಾಗ ದಪ್ಪ ಆದ್ರ ಹೊಟ್ಟಿ ತುಂಬತೈತೇನವಾ?" ಎಂದಳು. ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ಒಂದೇ ಉಸಿರಿನಲ್ಲಿ ತಿಳಿದದ್ದು ನನ್ನ ಬಿಎಸ್ಸಿಗೆ ತಿಳಿಯಲಿಲ್ಲ.

ಆ ತಿಂಗಳು ಕೆಂಪಾಗಿ ಉಳಿದದ್ದು ಒಂದೇ ಕೇಂದ್ರ. ಹುಲಗೂರಿನ ಆಚೆಯ ಒಂದು ಸಣ್ಣ ಹಳ್ಳಿಯದು, ಮೊದಲೇ ನೋಟೀಸು ಹೋಗಿದ್ದ ಮೂರರಲ್ಲಿ ಒಂದು. ಅಲ್ಲಿಯ ಅಂಕಿ 2.01. ಎರಡನ್ನು ದಾಟಿದ್ದು ಕೂದಲೆಳೆಯಷ್ಟು.

"ಈ ಹೆಂಗಸಿಗೆ ಎಷ್ಟ ಸೊಕ್ಕ ನೋಡ್ರಿ," ಎಂದರು ಸಾಹೇಬರು. "ಎಲ್ಲಾರೂ ತಿದ್ದಿಕೊಂಡಾರ. ಆಕಿಗಷ್ಟ ಏನಾಗೈತಿ? ನೀವ ಹೋಗಿ ನೋಡಿ ಬರ್ರಿ. ಈ ಸಲ ಬರೇ ನೋಟೀಸ್ ಅಲ್ಲ, ತಗದ ಹಾಕೂದ."

ಮರುದಿನ ಬೆಳಿಗ್ಗೆ ಹುಲಗೂರಿನ ಬಸ್ಸು ಹಿಡಿದೆ. ಅಲ್ಲಿಂದ ಮುಂದಕ್ಕೆ ಟಂಟಂ ಆಟೊ. ಕೇಂದ್ರ ಇದ್ದದ್ದು ಕೇರಿಯ ಸಮುದಾಯ ಭವನದಲ್ಲಿ. ಅಕ್ಕೋರಿಗೆ ನಲವತ್ತೈದರ ಮೇಲಿರಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದರು. ನನ್ನನ್ನು ಕಂಡು, "ಬರ್ರಿ ಮೇಡಮ್ಮಾರ, ಕುಂದರ್ರಿ" ಎಂದರೇ ಹೊರತು ಮುಖದಲ್ಲಿ ನಗೆಯಿರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

ಮಕ್ಕಳು ತಿಂದು ಕೈ ತೊಳೆದುಕೊಂಡ ಮೇಲೆ ನಾನು ಕೇಳುವ ಮೊದಲೇ ಅವರು ತೂಗುವ ತಕ್ಕಡಿಯನ್ನು ತೊಲೆಯ ಕೊಂಡಿಗೆ ಸಿಕ್ಕಿಸಿದರು. ಕೆಳಗೆ ಬಟ್ಟೆಯ ಜೋಳಿಗೆ.

"ನೀವ ತೂಗ್ರಿ. ನಾ ಮುಟ್ಟಂಗಿಲ್ಲ," ಎಂದರು.

ಎಂಟು ಮಕ್ಕಳನ್ನೂ ನಾನೇ ಒಬ್ಬೊಬ್ಬರಾಗಿ ಜೋಳಿಗೆಯಲ್ಲಿ ಕೂರಿಸಿ ತೂಗಿದೆ. ಎಲ್ಲರಿಗಿಂತ ಹಗುರವಾದದ್ದು ಒಂದು ಹೆಣ್ಣುಮಗು. ಹತ್ತು ಕೆಜಿ ಎರಡುನೂರು ಗ್ರಾಂ. ಎತ್ತಿಕೊಂಡಾಗ ಅವಳ ಪಕ್ಕೆಲುಬುಗಳು ನನ್ನ ಅಂಗೈಗೆ ಒಂದೊಂದಾಗಿ ಸಿಕ್ಕವು. ಎಲ್ಲರಿಗಿಂತ ಭಾರವಾದವನು ಹದಿನೈದು ಕೆಜಿ ಎಂಟುನೂರು ಗ್ರಾಂ, ನಗುತ್ತ ಜೋಳಿಗೆಯಲ್ಲೇ ಜೀಕಾಡಿದ. ನೂರು ಗ್ರಾಂ ಅತ್ತಿತ್ತ ಬಿಟ್ಟರೆ ಎಂಟೂ ತೂಕ ವಹಿಯಲ್ಲಿ ಬರೆದಿದ್ದಂತೆಯೇ ಇದ್ದವು.

"ಈ ಹುಡುಗನ ಮನಿಯಾಗ ನಾಕ ಎಮ್ಮಿ ಅದಾವ, ಹೊಲಾ ಐತಿ, ಟ್ರ್ಯಾಕ್ಟರ್ ಐತಿ," ಎಂದರು ಅಕ್ಕೋರು. "ಈ ಕೂಸಿನ ಅವ್ವ ಅವರ ಹೊಲದಾಗ ಕಳೆ ತಗೀತಾಳ. ಊರಾಗ ಅಷ್ಟ ಫರಕ ಐತಿ ಮೇಡಮ್ಮಾರ. ಮಕ್ಕಳ ಮೈಯಾಗ ಇರಬಾರದು ಅಂದ್ರ ಹೆಂಗ? ಆ ಫರಕ ನಾ ಮಾಡಿದ್ದೇನ? ನನಗ್ಯಾಕ ನೋಟೀಸ ಕಳಿಸಿದ್ರಿ?"

ಜಾರಿಕೊಳ್ಳುವವರು ಮಾಡುವುದನ್ನೇ ನಾನೂ ಮಾಡಿದೆ. "ನಾವೇನ ಮಾಡೂದ್ರಿ ಅಕ್ಕೋರ, ಕಂಪ್ಯೂಟರ್ ಹೇಳತೈತಿ," ಎಂದೆ.

"ಹಂಗಾರ ಕಂಪ್ಯೂಟರ್ ಹೆಂಗ ಲೆಕ್ಕಾ ಮಾಡತೈತಿ ನನಗ ತೋರಸ್ರಿ," ಎಂದು ಅವರು ಮಕ್ಕಳ ಕರಿಹಲಗೆಯನ್ನು ಒರೆಸಿ ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. "ನಾನೂ ಎಸ್ಸೆಸ್ಸೆಲ್ಸಿ ಪಾಸಾಗೇನಿ. ತಿಳೀಲಿಕ್ಕಿಲ್ಲ ಅಂತ ತಿಳೀಬ್ಯಾಡ್ರಿ."

ವಹಿಯ ಎಂಟು ತೂಕಗಳನ್ನು ಒಂದರ ಕೆಳಗೊಂದು ಬರೆದೆ. ಕೂಡಿಸಿದಾಗ ಸರಿಯಾಗಿ ನೂರು ಬಂತು. ಎಂಟರಿಂದ ಭಾಗಿಸಿದರೆ ಸರಾಸರಿ ಹನ್ನೆರಡೂವರೆ. ಒಂದೊಂದು ಮಗುವಿನ ತೂಕ ಈ ಹನ್ನೆರಡೂವರೆಯಿಂದ ಎಷ್ಟು ದೂರ ಎಂದು ಪಕ್ಕದಲ್ಲಿ ಬರೆದೆ. ಹೆಚ್ಚು ಕಡಿಮೆಗಳು ಒಂದನ್ನೊಂದು ನುಂಗಬಾರದೆಂದು ಪ್ರತಿ ಅಂತರವನ್ನೂ ಅದರಿಂದಲೇ ಗುಣಿಸಬೇಕು ಎಂದು ಹೇಳಿಕೊಟ್ಟೆ. ಅವರು ಫೋನಿನಲ್ಲಿ ಗುಣಿಸುತ್ತ ಹೋದರು, ನಾನು ಬರೆಯುತ್ತ ಹೋದೆ. ಆ ವರ್ಗಗಳ ಒಟ್ಟು ಮೊತ್ತ 28.30.

"ಈಗ ಇದನ್ನ ಭಾಗಿಸಿ ವರ್ಗಮೂಲ ತಗದ್ರ ಮುಗೀತ್ರಿ," ಎಂದೆ.

ಅವರು ಎಂಟರಿಂದ ಭಾಗಿಸಿದರು. ವರ್ಗಮೂಲ ತೆಗೆದರು. ಫೋನನ್ನು ನನ್ನ ಮುಖದ ಎದುರು ಹಿಡಿದರು. 1.88.

"ಎರಡರ ಒಳಗ ಐತಲ್ಲ?"

ನನ್ನ ಚೀಲದಲ್ಲಿದ್ದ ಕಚೇರಿಯ ಹಾಳೆಯಲ್ಲಿ 2.01 ಎಂದಿತ್ತು. ಮತ್ತೆ ಮಾಡಿದೆವು. ಮತ್ತೆ 1.88. ಆಗ ನನಗೆ ಹೊಳೆಯಿತು. ಹೊಳೆಯಿತು ಎನ್ನುವುದಕ್ಕಿಂತ ಕಪಾಳಕ್ಕೆ ಬಡಿಯಿತು ಎನ್ನಬೇಕು. 28.30ನ್ನು ಎಂಟರ ಬದಲು ಏಳರಿಂದ ಭಾಗಿಸಿ ವರ್ಗಮೂಲ ತೆಗೆದು ನೋಡಿದೆ. 2.01 ಬಂತು.

"ಏಳರಿಂದ ಯಾಕ ಭಾಗಿಸಿದ್ರಿ?" ಅಕ್ಕೋರು ಹಲಗೆ ನೋಡಿದರು, ಮಕ್ಕಳ ಕಡೆ ನೋಡಿದರು, ಮತ್ತೆ ನನ್ನನ್ನು ನೋಡಿದರು. "ಕೂಸು ಎಂಟ ಅದಾವ. ಒಂದನ್ನ ಎಲ್ಲಿ ಬಿಟ್ರಿ?"

ಅನ್ನ ಬೆಂದಿದೆಯೇ ಎಂದು ನೋಡಲು ನಾವು ಪಾತ್ರೆಯ ಎಲ್ಲ ಅಗುಳನ್ನೂ ಹಿಚುಕುವುದಿಲ್ಲ. ನಾಲ್ಕು ಅಗುಳು ನೋಡಿ ಇಡೀ ಪಾತ್ರೆಯ ಬಗ್ಗೆ ಅಂದಾಜು ಮಾಡುತ್ತೇವೆ. ಸಂಖ್ಯೆಗಳಲ್ಲಿಯೂ ಹಾಗೆ, ದೊಡ್ಡ ಗುಂಪಿನಿಂದ ಕೆಲವನ್ನಷ್ಟೇ ಆರಿಸಿ ನೋಡಿದಾಗ ಆ ಅಂದಾಜು ತುಸು ಕಡಿಮೆ ಬೀಳುತ್ತದೆ. ಅದನ್ನು ಸರಿದೂಗಿಸಲು ಎಣಿಕೆಯಲ್ಲಿ ಒಂದು ಕಳೆದು ಭಾಗಿಸುತ್ತಾರೆ. ನನ್ನ ಬೆರಳಿಗೆ ಅಂಟಿದ್ದ ಹಳೆಯ ಸೂತ್ರ ಅದು, ಆರಿಸಿ ನೋಡಿದವರ ಸೂತ್ರ. ಇಡೀ ಗುಂಪನ್ನೇ, ಒಬ್ಬರನ್ನೂ ಬಿಡದೆ ಅಳೆದಿದ್ದರೆ ಬೇರೆ ಸೂತ್ರವಿದೆ. ಹೆಸರಿನ ಕೊನೆಗೆ ಒಂದು ಚುಕ್ಕಿ ಇಟ್ಟು ಪಿ ಎಂಬ ಒಂದೇ ಅಕ್ಷರ ಬರೆಯಬೇಕು. ಅದು ಪೂರ್ತಿ ಎಣಿಕೆಯಿಂದಲೇ ಭಾಗಿಸುತ್ತದೆ. ನೂರಾರು ಸಂಖ್ಯೆಗಳಿದ್ದರೆ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಬಾರದು. ಎಂಟೇ ಮಕ್ಕಳಿರುವ ಕೇಂದ್ರದಲ್ಲಿ ಬರುತ್ತದೆ. ಒಬ್ಬ ಹೆಂಗಸಿನ ಕೆಲಸ ಕಳೆಯುವಷ್ಟು ಬರುತ್ತದೆ.

ಇದನ್ನೆಲ್ಲ ಅವರಿಗೆ ಹೇಳಿದೆ. ತಪ್ಪು ನನ್ನದೇ ಎಂದೂ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ.

"ನಾ ಯಾರನ್ನೂ ಆರಿಸಿಲ್ರಿ," ಎಂದರು. "ಜ್ವರಾ ಬಂದ ಕೂಸನ್ನ ಸೈತ ಮನಿಗೆ ಹೋಗಿ ತೂಗಿ ಬಂದೇನಿ. ಒಂದನ್ನೂ ಬಿಟ್ಟಿಲ್ಲ. ನೀವ ಅಲ್ಲಿ ನೆರಳಾಗ ಕುಂತು ಬಿಟ್ರಿ. ಅದೂ ಹೋಗ್ಲಿ. ಉಳದ ಅಕ್ಕೋರೆಲ್ಲ ಏನ ಮಾಡ್ಯಾರ ಗೊತ್ತೇನ ನಿಮಗ?"

ಗೊತ್ತಿಲ್ಲವೆಂದೆ.

"ತಿದ್ದ್ಯಾರ. ಕೆಂಪ ಬರ್ತೈತಿ ಅಂತ ಹೆದರಿ ಸೊರಗಿದ ಕೂಸಿಗೆ ಒಂದ ಕಿಲೋ ಕೂಡಿಸ್ಯಾರ, ದಪ್ಪ ಕೂಸಿನಾಗ ಒಂದ ಕಿಲೋ ಕಳದಾರ. ನನಗೂ ಹೇಳಿದ್ರು, ನೀನೂ ತಿದ್ದಬೇ, ಯಾಕ ಸಾಯ್ತಿ ಅಂತ. ನಾ ಯಾಕ ತಿದ್ದಲಿ? ಒಂದ ಕಿಲೋ ಕೂಡಿಸಿದ್ರ ಈ ಕೂಸಿನ ತತ್ತಿ ನಿಲ್ಲತೈತಿ!"

ತೂಕ ತೀರ ಕಡಿಮೆ ಇರುವ ಮಕ್ಕಳಿಗೆ ನಮ್ಮ ಕೇಂದ್ರಗಳಲ್ಲಿ ದಿನಾ ಒಂದು ಮೊಟ್ಟೆ, ಶೇಂಗಾ ಉಂಡಿ, ತಿಂಗಳಿಗೊಮ್ಮೆ ವೈದ್ಯರ ತಪಾಸಣೆ ಇತ್ತು. ಯಾರಿಗೆ ಕೊಡಬೇಕೆಂಬ ಪಟ್ಟಿ ಇದೇ ತೂಕಗಳಿಂದ ತಯಾರಾಗುತ್ತಿತ್ತು. ಪಟ್ಟಿ ತಯಾರಿಸುತ್ತಿದ್ದವಳು ನಾನು. ಆ ತಿಂಗಳು ಪಟ್ಟಿ ಅರ್ಧಕ್ಕೆ ಇಳಿದಿತ್ತು. ಸಾಹೇಬರು ನನ್ನ ಟೇಬಲ್ಲಿಗೆ ಪೇಢೆ ತರಿಸಿದ್ದರು. ನಾನು ಆ ಪೇಢೆ ತಿಂದಿದ್ದೆ.

ಸಿಕ್ಕ ಮೊದಲ ಬಸ್ಸಿಗೆ ಹಿಂದಿರುಗಿದೆ. ಕಚೇರಿಯ ಮೆಟ್ಟಿಲು ಹತ್ತಿದವಳೇ ನೇರ ಸಾಹೇಬರ ಕೋಣೆಗೆ ಹೋದೆ. ಸೂತ್ರ ತಪ್ಪಾಗಿದೆ, ನಮ್ಮದು ಇಡೀ ಗುಂಪಿನ ಲೆಕ್ಕ, ಆರಿಸಿದವರ ಲೆಕ್ಕವಲ್ಲ ಎಂದೆ. ಅವರು ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡರು. ಎದುರಿಗೇ ಸೂತ್ರ ಬದಲಿಸಿ ತೋರಿಸಿದೆ. 2.01 ಇದ್ದದ್ದು 1.88 ಆಯಿತು. ಅವರ ಮುಖ ಅರಳಿತು.

"ಅರೆ! ಎಲ್ಲಾ ಹಸಿರಾತಲ್ಲ! ಇದನ್ನ ಮೊದಲ ಹೇಳಬಾರದೇನ್ರಿ? ಚಲೋ ಆತು. ಅಕ್ಕೋರೆಲ್ಲ ಸೇರೂ ಸವಣೂರಿನ ಸಭಾದಾಗ ಇದನ್ನ ತೋರಸೂಣು, ಎಲ್ಲಾ ಕೇಂದ್ರನೂ ಎರಡರ ಒಳಗ ಬಂದಾವ ಅಂತ."

"ಸರ್, ಹಸಿರು ಕೆಂಪಿನ ಮಾತಲ್ಲರಿ. ತೂಕಾನ ತಿದ್ದ್ಯಾರ. ಸೊರಗಿದ ಮಕ್ಕಳ ತತ್ತಿ ನಿಂತೈತಿ."

"ಯಾರ ಹೇಳಿದ್ರು? ಆ ಹುಲಗೂರ ಕಡೆ ಹೆಂಗಸು? ತಾ ಉಳಕೊಳ್ಳಾಕ ಮಂದಿ ಮ್ಯಾಲ ಹಾಕ್ತಾಳ ಬಿಡ್ರಿ. ನಿಮ್ಮ ಕೆಲಸ ಲೆಕ್ಕಾ ಮಾಡೂದು. ಲೆಕ್ಕಾ ಸರಿ ಆತಲ್ಲ? ಮುಗೀತು."

ಲೆಕ್ಕ ಸರಿಯಾಗಿತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ತಪ್ಪು ಸೂತ್ರ ಒಬ್ಬ ಪ್ರಾಮಾಣಿಕ ಹೆಂಗಸಿಗೆ ನೋಟೀಸು ಕೊಡಿಸಿತ್ತು. ಸರಿಯಾದ ಸೂತ್ರ ಈಗ ಎಲ್ಲರ ಸುಳ್ಳನ್ನೂ ಮುಚ್ಚುವ ಚಾದರವಾಗುತ್ತಿತ್ತು. ಒಂದು ಅಕ್ಷರ ಸೇರಿಸಿದೆ, ಸುಳ್ಳು ಇನ್ನೂ ಚೆಂದವಾಯಿತು. ನೋಟೀಸನ್ನಾದರೂ ಹಿಂದಕ್ಕೆ ಪಡೆಯಿರಿ ಎಂದೆ. "ನೋಡೂಣು ನೋಡೂಣು," ಎಂದು ಫೋನು ಎತ್ತಿಕೊಂಡರು.

ಸವಣೂರಿನ ಸಭೆ ಒಂದು ಮದುವೆ ಮಂಟಪದ ಕೆಳಗಿನ ಹಾಲಿನಲ್ಲಿ ನಡೆಯಿತು. ನಾಲ್ಕೂ ತಾಲ್ಲೂಕಿನ ಅಕ್ಕೋರುಗಳು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಕೆಲವರು ಯಲವಿಗಿಯ ತನಕ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿದವರು. ಪರದೆಯ ಮೇಲೆ ನನ್ನ ಹಾಳೆ, ಮೇಲಿನಿಂದ ಕೆಳಗಿನವರೆಗೆ ಹಸಿರು. ಸಾಹೇಬರು ಮೈಕು ಹಿಡಿದು ಶಿಸ್ತು, ಏಕರೂಪತೆ, ತಂಡದ ಶ್ರಮ ಎಂದೆಲ್ಲ ಹೇಳಿ ಚಪ್ಪಾಳೆಗೆ ಕಾದರು. ಚಪ್ಪಾಳೆ ಬಿತ್ತು.

ಹುಲಗೂರಿನ ಕಡೆಯ ಅಕ್ಕೋರು ಎದ್ದು ನಿಂತರು.

"ಸಾಹೇಬ್ರ, ಹೋದ ತಿಂಗಳ ನಂದು ಕೆಂಪ ಇತ್ತು. ಈಗ ಹಸಿರ ಐತಿ. ಕೂಸು ಅವ ಅದಾವ, ತೂಕ ಅದ ಐತಿ. ಹೆಂಗ ಬದಲಾತ್ರಿ?"

"ಅದು ಟೆಕ್ನಿಕಲ್ ವಿಷಯ. ನೀವ ಕುಂದರ್ರಿ."

ಅವರು ಕೂರಲಿಲ್ಲ. ಸಾಹೇಬರು ನನ್ನತ್ತ ಕಣ್ಣು ಬಿಟ್ಟರು, ಏನಾದರೂ ಹೇಳಿ ಮುಗಿಸು ಎಂಬಂತೆ. ನಾನು ಎದ್ದೆ. ಅಲ್ಲಿಯವರೆಗೆ ನಾನು ಸಭೆಯಲ್ಲಿ ಮಾತಾಡಿದವಳಲ್ಲ. ದನಿ ಎಷ್ಟು ಜೋರಾಗಿತ್ತೆಂದರೆ ನನಗೇ ನನ್ನ ದನಿ ಗುರುತು ಸಿಗಲಿಲ್ಲ.

"ಕೆಂಪ ಹಚ್ಚಿದ್ದು ನನ್ನ ತಪ್ಪರಿ. ಸೂತ್ರ ತಪ್ಪ ಹಾಕಿದ್ದೆ. ಈ ಅಕ್ಕೋರದು ಏನೂ ತಪ್ಪಿಲ್ಲ. ಆದ್ರ ಈ ಹಸಿರೂ ಖರೆ ಅಲ್ಲ. ಒಂದ ತಿಂಗಳದಾಗ ಒಂದೂವರಿ ಕಿಲೋ ಏರಿದ ಕೂಸು ನಿಮ್ಮ ಕೇಂದ್ರದಾಗ ಐತೇನ್ರಿ? ಇದ್ರ ಹೇಳ್ರಿ, ನಾನ ಬಂದು ತೂಗತೇನಿ."

ಸಾಹೇಬರು, "ಮೇಡಂ, ಸಾಕ ಮಾಡ್ರಿ," ಎಂದರು. ಆಗ ಹಿರೇಕೆರೂರಿನ ಕಡೆಯ ಒಬ್ಬ ಹಿರಿಯ ಅಕ್ಕೋರು ನಡುಸಾಲಿನಿಂದ ಮೆಲ್ಲಗೆ ಎದ್ದರು. ಅವರ ಕಣ್ಣು ತುಂಬಿತ್ತು, ಆದರೆ ಮಾತು ಗಟ್ಟಿಯಾಗಿತ್ತು.

"ನಾ ತಿದ್ದೇನಿ. ಮೂರ ಕೂಸಿಂದು ತಿದ್ದೇನಿ. ಎರಡರ ಒಳಗ ಇರಬೇಕು, ಇಲ್ಲಾಂದ್ರ ನೋಟೀಸ್ ಅಂದ್ರಿ. ಹದಿನೈದ ವರ್ಷ ಆತು ಕೆಲಸಾ ಮಾಡಾಕತ್ತು, ಒಂದ ದಿನ ಸುಳ್ಳ ಬರದಾಕಿ ಅಲ್ಲ ನಾನು. ನೀವ ಬರಸಿದ್ರಿ."

ಅವರ ಹಿಂದೆ ಇನ್ನೊಬ್ಬರು ಎದ್ದರು. ಆಮೇಲೆ ಹಾನಗಲ್ಲಿನ ಕಡೆಯ ಇಬ್ಬರು. ಎಲ್ಲರೂ ಏಳಲಿಲ್ಲ. ತಿದ್ದಿಯೂ ತಲೆ ತಗ್ಗಿಸಿ ಕೂತವರಿದ್ದರು, ಅವರನ್ನು ನಾನು ಬೈಯಲಾರೆ. ಎದ್ದವರಷ್ಟೇ ಸಾಕಾಗಿತ್ತು. ಸಾಹೇಬರು ಪರದೆಯ ದೀಪ ಆರಿಸಿದರು. ಊಟಕ್ಕೆ ನಡೆಯಿರಿ ಎಂದರು.

ಅಷ್ಟು ಮಂದಿಯ ಎದುರು ಬಿದ್ದ ಮಾತನ್ನು ಮುಚ್ಚಿಡಲು ಆಗಲಿಲ್ಲ. ಟ್ರಸ್ಟಿನ ಮೇಲಿನವರಿಗೆ ಸುದ್ದಿ ಮುಟ್ಟಿತು. ಎಲ್ಲ ಮಕ್ಕಳನ್ನೂ ಮತ್ತೆ ತೂಗಬೇಕೆಂದು ಹೇಳಿಕಳಿಸಿದರು. ಎರಡು ವಾರ ನಾನು ಒಂದು ತಕ್ಕಡಿ ಹೊತ್ತುಕೊಂಡು ಬಸ್ಸಿನಿಂದ ಬಸ್ಸಿಗೆ ಹತ್ತಿಳಿದೆ. ಹಾನಗಲ್ಲಿನ ಕಡೆಯ ಆ ಮಗುವನ್ನೂ ಕಂಡೆ, ಒಂದೂವರೆ ಕೆಜಿ ಏರಿದ್ದನೆಂದು ನಾನು ಖುಷಿಪಟ್ಟಿದ್ದ ಮಗು. ಏರಿರಲಿಲ್ಲ. ಇನ್ನೂ ನೂರು ಗ್ರಾಂ ಇಳಿದಿದ್ದ. ಅವನ ತಾಯಿ ಬಾಗಿಲಲ್ಲಿ ನಿಂತು, "ತತ್ತಿ ಯಾಕ ಬಂದ ಮಾಡಿದ್ರಿ ಅಕ್ಕಾರ? ನಮ್ಮಿಂದ ಏನರ ತಪ್ಪಾತೇನ್ರಿ?" ಎಂದು ಕೇಳಿದಳು. ತಮ್ಮಿಂದ ತಪ್ಪಾಯಿತೇ ಎಂದು ಅವಳು ಕೇಳುತ್ತಿದ್ದಳು. ಇಲ್ಲವ್ವಾ, ನಮ್ಮಿಂದ ಆಯಿತು ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಹೊಸ ತೂಕ ಹಾಕಿದ ಮೇಲೆ ಬಿಟ್ಟುಹೋಗಿದ್ದ ಮಕ್ಕಳೆಲ್ಲ ಪಟ್ಟಿಗೆ ಮರಳಿದರು. ಮೊಟ್ಟೆಯೂ ಉಂಡಿಯೂ ಮತ್ತೆ ಶುರುವಾದವು. ಕಂಬ ಉಳಿಯಿತು, ಸೂತ್ರ ಪಿ ಅಕ್ಷರದ್ದೇ. ಬಣ್ಣ ಹಚ್ಚುವುದು ನಿಂತಿತು. ಅದರ ಪಕ್ಕದಲ್ಲಿ ನಾನು ಪ್ರತಿ ಕೇಂದ್ರದ ಅತಿ ಹಗುರ ಮಗುವಿನ ತೂಕವನ್ನೂ ಬರೆಯತೊಡಗಿದೆ, ಯಾರೂ ಹೇಳದಿದ್ದರೂ.

ಆ ವರ್ಷದ ಕೊನೆಗೆ ನನ್ನ ಕರಾರು ಮುಂದುವರಿಯಲಿಲ್ಲ. ಸಾಹೇಬರಿಗೆ ಏನೂ ಆಗಲಿಲ್ಲ. ಅದೇ ಕುರ್ಚಿ, ಅದೇ ಗೋಡೆ. ನನಗೆ ಮಾತ್ರ, ವೈಯಕ್ತಿಕ ಕಾರಣದಿಂದ ಬಿಡುತ್ತಿದ್ದೇನೆ ಎಂದು ಬರೆದುಕೊಡಲು ಹೇಳಿದರು. ಬರೆದುಕೊಡಲಿಲ್ಲ. ಈಗ ಬಂಕಾಪುರದಲ್ಲೇ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನಲ್ಲಿ ಹುಲಗೂರಿನ ಕಡೆಯ ಅಕ್ಕೋರು ಸಿಕ್ಕರು. ಈ ಸಲ ನಕ್ಕರು. ಕೆಲಸದಲ್ಲಿ ಇನ್ನೂ ಇದ್ದರು. ಆ ಹಗುರ ಹುಡುಗಿ ಒಂದನೆಯ ಇಯತ್ತೆಗೆ ಹೋಗುತ್ತಿದ್ದಾಳೆ, ಈಗಲೂ ತೆಳ್ಳಗೇ ಇದ್ದಾಳೆ, ಬಾಯಿ ಮಾತ್ರ ಭಾರಿ ಜೋರು ಎಂದರು.

"ಆ ನೋಟೀಸ ಹಿಂದಕ್ಕ ತಗೊಂಡ್ರೇನ್ರಿ?" ಎಂದು ಕೇಳಿದೆ.

"ಎಲ್ಲಿ ತಗೊಂತಾರ ತಂಗಿ. ನನ್ನ ಫೈಲಿನಾಗ ಹಂಗ ಐತಿ."

ಆರಿತು ಎಂದುಕೊಂಡಿದ್ದ ಸಿಟ್ಟು ಅಲ್ಲೇ ಭುಗಿಲೆದ್ದಿತು. "ನಡೀರಿ," ಎಂದೆ. ಅವರೂ ಬೇಡವೆನ್ನಲಿಲ್ಲ. ಇಬ್ಬರೂ ಕಚೇರಿಯ ಮೆಟ್ಟಿಲು ಹತ್ತಿದೆವು. ಸಾಹೇಬರು ನಮ್ಮನ್ನು ನೋಡಿ, ಆಮೇಲೆ ಬನ್ನಿ, ಮೀಟಿಂಗ್ ಇದೆ ಎಂದರು. ಅಕ್ಕೋರು ಎದುರಿನ ಕುರ್ಚಿ ಎಳೆದು ಕೂತರು. ನಾನೂ ಕೂತೆ. ನೋಟೀಸು ಹಿಂಪಡೆದ ಪತ್ರ ಕೈಗೆ ಬರದೆ ಏಳುವುದಿಲ್ಲ ಎಂದೆವು. ಸಾಹೇಬರು ನೀರು ಕುಡಿದರು, ಫೋನು ನೋಡಿದರು, ಬೇರೆಯವರನ್ನು ಒಳಗೆ ಕರೆದು ಮಾತಾಡಿದರು. ನಾವು ಕದಲಲಿಲ್ಲ. ಸುಮಾರು ಒಂದು ತಾಸಿನ ಮೇಲೆ ಒಂದು ಹಾಳೆ ಎಳೆದುಕೊಂಡು ಎರಡು ಸಾಲು ಗೀಚಿ, ಸಹಿ ಮಾಡಿ, ಮುಂದಕ್ಕೆ ತಳ್ಳಿದರು.

ಅಕ್ಕೋರು ಅದನ್ನು ಗಟ್ಟಿಯಾಗಿ ಓದಿದರು. "ಸದರಿಯವರ ಅಶಿಸ್ತನ್ನು ಕ್ಷಮಿಸಿ ನೋಟೀಸನ್ನು ಹಿಂಪಡೆಯಲಾಗಿದೆ." ಓದಿ ಹಾಳೆಯನ್ನು ಟೇಬಲ್ಲಿನ ಮೇಲೆ ಇಟ್ಟರು.

"ನಾ ಏನ ತಪ್ಪ ಮಾಡೇನಂತ ಕ್ಷಮಾ ಮಾಡ್ತೀರಿ ಸಾಹೇಬ್ರ? ತಪ್ಪ ಯಾರದು ಅನ್ನೂದು ಬರೀರಿ."

"ಮತ್ತೇನ ಬರೀಲಿ?"

"ನೋಟೀಸ ತಪ್ಪ ಇತ್ತು ಅಂತ ಬರೀರಿ."

ಸಾಹೇಬರ ಕಿವಿ ಕೆಂಪಗಾದವು. ಕೊನೆಗೆ ಬೇರೆ ಹಾಳೆ ತೆಗೆದು ಹಾಗೆಯೇ ಬರೆದರು. ಅಕ್ಕೋರು ಆ ಹಾಳೆಯನ್ನೂ ಓದಿದರು, ಕಚೇರಿಯ ಸಿಕ್ಕಾ ಹಾಕಿಸಿಕೊಂಡರು, ಒಂದು ಪ್ರತಿ ಫೈಲಿಗೆ ಸೇರಿದ್ದನ್ನು ಕಣ್ಣಾರೆ ನೋಡಿದರು. ಆಮೇಲೆ ತಮ್ಮ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ನಾಲ್ಕೂವರೆಯ ಬಸ್ಸು ತಪ್ಪುತ್ತದೆಂದು ನನಗಿಂತ ಮುಂದೆ ದಡದಡ ಮೆಟ್ಟಿಲಿಳಿದರು.